ಹಾಳೆ ಸಂಖ್ಯೆ ನಲವತ್ತೇಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಟೈಲರ್ ಅಂಗಡಿ ಇಟ್ಟುಕೊಂಡವಳು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಐದು ದಿನದ ಹಿಂದೆ ರಾಸಾಯನಿಕ ಕಾರ್ಖಾನೆಯಲ್ಲಿ ಪಾತ್ರೆ ಸಿಡಿದು ಸತ್ತ ಆಪರೇಟರನ ಅಕ್ಕ.

"ನನ್ನ ತಮ್ಮ ಡ್ಯೂಟೀಲಿ ನಿದ್ದೆ ಮಾಡಿದ್ನಂತೆ. ಹಾಗಂತ ಕಾರ್ಖಾನೇಲಿ ಬೋರ್ಡ್ ಹಾಕಿದಾರೆ ಮೇಡಂ. ಮೊದ್ಲು ಅದನ್ನ ಕಿತ್ತಾಕ್ಸಿ. ಆಮೇಲೆ ಅವನು ಯಾಕೆ ಸತ್ತ ಅಂತ ನನಗೆ ಹೇಳಿ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. ಅಸಹಜ ಸಾವು ಎಂದು ದಾಖಲಾಗಿದ್ದ ಆ ಕಡತಕ್ಕೆ ಶನಿವಾರ ಅವಳೇ ಸಹಿ ಹಾಕಿದ್ದಳು. ಕಾರ್ಖಾನೆಯವರ ವರದಿ ಅಚ್ಚುಕಟ್ಟಾಗಿತ್ತು. ಓದಿದ್ದಳು, ನಂಬಿದ್ದಳು.

"ಈಚೆಗೆ ಏನಾದ್ರೂ ಹೇಳ್ಕೊಂಡಿದ್ನಾ?"

"ಊಟಕ್ಕೆ ಕೂತ್ರೆ ಒಂದೇ ಮಾತು. 'ಅಕ್ಕಾ, ಡಾಕ್ಟರಿಗೆ ತೊಂಬತ್ತೆರಡು ಬೇಕಂತೆ, ಅದು ಅರವತ್ತು ದಾಟ್ತಿಲ್ಲ' ಅಂತಿದ್ದ."

"ಯಾವ ಡಾಕ್ಟರು?"

"ಕಾರ್ಖಾನೆಯೋರು. ಸೂಜಿ ಚುಚ್ಚೋ ಡಾಕ್ಟರಲ್ಲ, ಓದಿ ಡಾಕ್ಟರಾದೋರು. ಸಂಶೋಧನೆಗೆಲ್ಲ ಅವರೇ ಮುಖ್ಯಸ್ಥರು."

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಕ್ಕ ಹೋದಮೇಲೆ ಇನ್‌ಸ್ಪೆಕ್ಟರ್ ಹಳೆಯ ಪಂಚನಾಮೆ ತೆಗೆದು ಒಂದೊಂದೇ ಸಾಲು ಓದಿದಳು. ಮೂರನೇ ಪುಟದ ಕೊನೆಯಲ್ಲಿ ದಫೇದಾರ ತನ್ನ ಗುಂಡು ಅಕ್ಷರದಲ್ಲಿ ಬರೆದಿದ್ದ: ಆಪರೇಟರನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಪಾತ್ರೆ ಕಾಯಿಸುವ ಉಗಿ ಕೊಳವೆಯ ಕೈಚಕ್ರ ಅರ್ಧ ಮುಚ್ಚಿದ ಸ್ಥಿತಿಯಲ್ಲಿದೆ, ಮೃತನ ಬಲಗೈ ಗ್ಲೌಸು ಅದಕ್ಕೆ ಅಂಟಿಕೊಂಡಿದೆ.

"ದಫೇದಾರ್ರೇ, ನಿದ್ದೆ ಮಾಡ್ತಿದ್ದೋನು ಇಪ್ಪತ್ತು ಹೆಜ್ಜೆ ಓಡಿಹೋಗಿ ಉಗಿ ನಿಲ್ಸೋಕೆ ಚಕ್ರ ತಿರುಗಿಸ್ತಾನೇನ್ರೀ?"

"ನಾನು ಬರ್ದಿದ್ದೆ ಮೇಡಂ," ಎಂದ ದಫೇದಾರ. ಅಷ್ಟೇ ಹೇಳಿದ. ಇನ್‌ಸ್ಪೆಕ್ಟರಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಕಾರ್ಖಾನೆಯ ಗೇಟು ದಾಟುತ್ತಲೇ ವಾಸನೆ ಮೂಗಿಗೆ ಅಡರಿತು. ಕೊಳೆತ ಮೀನಿಗೆ ಅಮೋನಿಯಾ ಸುರಿದ ಹಾಗೆ. ದಫೇದಾರ ಕರವಸ್ತ್ರ ಮುಚ್ಚಿಕೊಂಡು, "ಇಲ್ಲಿ ಕೆಲ್ಸ ಮಾಡೋರಿಗೆ ಮನೇಲಿ ಸಾರು ಹಳಸಿದ್ರೂ ಗೊತ್ತಾಗಲ್ಲ," ಎಂದು ಗೊಣಗಿದ. ಒಳಗಿನ ಮೊಗಸಾಲೆ ಮಾತ್ರ ತಣ್ಣಗೆ, ಸುಗಂಧ ಸಿಂಪಡಿಸಿಕೊಂಡು ಕೂತಿತ್ತು. ಗೋಡೆಯ ಮೇಲೆ ಆ ಬೋರ್ಡು. ಕುರ್ಚಿಯಲ್ಲಿ ತೂಕಡಿಸುವ ಕೆಲಸಗಾರನ ಚಿತ್ರ, ಹಿಂದೆ ಬೆಂಕಿ, ಕೆಳಗೆ ದಪ್ಪ ಅಕ್ಷರ: 'ಒಬ್ಬನ ನಿದ್ದೆ, ಎಲ್ಲರ ಅಪಾಯ'. ಗುರುವಾರ ಸಾವು, ಸೋಮವಾರ ಬೋರ್ಡು. ಹೆಣ ಸುಟ್ಟ ಬೂದಿ ಆರುವ ಮೊದಲೇ ಯಾರೋ ಕೂತು ಈ ಚಿತ್ರಕ್ಕೆ ಬಣ್ಣ ಆರಿಸಿದ್ದರು.

"ಕಾರ್ಮಿಕರಲ್ಲಿ ಜಾಗೃತಿ ಮೂಡ್ಲಿ ಅಂತ," ಎಂದ ಮ್ಯಾನೇಜರ್, ಹಲ್ಲು ಕಾಣುವಂತೆ.

"ಈಗಲೇ ತೆಗೀರಿ. ಜಪ್ತಿ ಮಾಡ್ತಿದೀನಿ," ಎಂದಳು ಇನ್‌ಸ್ಪೆಕ್ಟರ್. ಅವನು ತರಿಸಿದ ಕಾಫಿ ಮುಟ್ಟಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಪರೀಕ್ಷಾ ಕೊಠಡಿಯ ವಿಚಾರಣೆ. ಮಾದರಿಗಳನ್ನು ಯಂತ್ರಕ್ಕೆ ಹಾಕಿ ಚಾರ್ಟು ತೆಗೆಯುತ್ತಿದ್ದವಳು ಸಣ್ಣ ಧ್ವನಿಯ ಹೆಂಗಸು. ಬೆರಳುಗಳೆಲ್ಲ ಸಿಪ್ಪೆ ಎದ್ದಿದ್ದವು.

"ಏನು ಮಾಡ್ತಿದ್ರಿ ಇಲ್ಲಿ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ಹೈಡ್ರಾಕ್ಸಿಲಮೀನ್ ಅಂತ ಒಂದು ಪದಾರ್ಥ, ಮೇಡಂ. ಅಮೋನಿಯಾಕ್ಕೆ ಒಂದು ಆಮ್ಲಜನಕ ಅಂಟ್ಕೊಂಡ ಹಾಗೆ. ಅದಕ್ಕೆ ಇಂಗಾಲದ ಬಾಲ ಕೂರಿಸಿದ್ರೆ ಔಷಧಿ ಮಾಡೋರಿಗೆ ತುಂಬಾ ಬೇಕಾದ ಸರಕು. ದೊಡ್ಡ ಅಣು ಕಟ್ಟೋವಾಗ ಕ್ರಿಯೆ ಎಲ್ಲಿ ನಿಲ್ಬೇಕೋ ಅಲ್ಲೇ ನಿಲ್ಲೋ ಹಾಗೆ ನೋಡ್ಕೊಳುತ್ತೆ."

"ಕಷ್ಟ ಎಲ್ಲಿ?"

"ಬಾಲ ಸಾರಜನಕದ ಮೇಲೂ ಕೂರಬಹುದು, ಆಮ್ಲಜನಕದ ಮೇಲೂ ಕೂರಬಹುದು. ಒಂದರ ಬದ್ಲು ಎರಡು ಕೂರಬಹುದು. ಕಲಬೆರಕೆ ಆಗ್ಬಿಡತ್ತೆ. ಹಾಗಾಗ್ದೇ ಇರೋ ವಿಧಾನ ಡಾಕ್ಟರು ಕಂಡುಹಿಡಿದಿದಾರೆ. ನೂರಕ್ಕೆ ತೊಂಬತ್ತೆರಡು ಪಾಲು ಒಂದೇ ಪದಾರ್ಥ ಅಂತ ಇಪ್ಪತ್ತೆರಡು ವರ್ಷದ ಹಿಂದೇನೇ ಪ್ರಬಂಧ ಬರೆದಿದಾರೆ. ನಾನು ಕಾಲೇಜಲ್ಲಿ ಬಾಯಿಪಾಠ ಮಾಡಿದ್ದು ಅದನ್ನೇ."

"ನಿಮ್ಮ ಯಂತ್ರ ಏನು ಹೇಳ್ತು?"

ಅವಳು ಬಾಗಿಲ ಕಡೆ ನೋಡಿದಳು. ದಫೇದಾರ ಎದ್ದು ಹೋಗಿ ಬಾಗಿಲು ಹಾಕಿದ. ಆಮೇಲೆ ಯಂತ್ರದ ನೆನಪಿನಿಂದ ಒಂದೊಂದೇ ಚಾರ್ಟು ತೆರೆದು ತೋರಿಸಿದಳು. ಒಂದು ಪದಾರ್ಥಕ್ಕೆ ಗೋಪುರದಂಥ ಒಂದು ಗೆರೆ. ಎಲ್ಲದರಲ್ಲೂ ಒಂದು ಗೋಪುರದ ಪಕ್ಕ ಇನ್ನೊಂದು, ಅಣ್ಣತಮ್ಮಂದಿರ ಹಾಗೆ.

"ಎಷ್ಟು ಸಲ?"

"ಮೂವತ್ತೊಂದು ಸಲ. ಒಂದ್ಸಲವೂ ಒಂಟಿ ಗೋಪುರ ಬರ್ಲಿಲ್ಲ."

"ಅವರಿಗೆ ಹೇಳಿದ್ರಾ?"

"ಹೇಳ್ದೆ. ನಿನ್ನ ಕೈ ಗಲೀಜು ಅಂದ್ರು." ಅವಳು ಬೆರಳುಗಳನ್ನು ಮಡಚಿಕೊಂಡಳು. "ಗುರುವಾರ ಮಧ್ಯಾಹ್ನ ವಿಧಾನ ಪರೀಕ್ಷೆ ಮಾಡೋಕೆ ಹೊರಗಿನ ತಜ್ಞರು ಬರೋರಿದ್ರು. ಅಷ್ಟರೊಳಗೆ ಶುದ್ಧ ಮಾದರಿ ಬೇಕಿತ್ತು. ಕಾಯಿಸಿ, ಆವಿ ಹಿಡಿದು, ಎರಡನ್ನ ಬೇರ್ಪಡಿಸಿ ಅಂದ್ರು. ಮೇಡಂ, ಈ ಪದಾರ್ಥ ಗಟ್ಟಿ ಆಗ್ತಾ ಬಿಸಿ ಏರಿದ್ರೆ ಆಮೇಲೆ ಯಾರ ಮಾತೂ ಕೇಳಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು."

ಕಾರ್ಖಾನೆಯ ಎಲೆಕ್ಟ್ರಿಷಿಯನ್ ಎರಡು ಪ್ರಶ್ನೆಗೇ ಬಾಯಿಬಿಟ್ಟ. ಬಿಸಿ ಮಿತಿ ಮೀರಿದರೆ ತಾನಾಗಿ ಉಗಿ ನಿಲ್ಲಿಸುವ ಸಾಧನವಿತ್ತು. ಗುರುವಾರ ಒಂಬತ್ತು ಗಂಟೆಗೆ ಡಾಕ್ಟರೇ ಪಕ್ಕದಲ್ಲಿ ನಿಂತು ಅದರ ತಂತಿ ಬಿಚ್ಚಿಸಿದ್ದರು. "ಪದೇಪದೇ ನಿಂತುಹೋಗ್ತಿದೆ, ಅದು ಕೆಟ್ಟಿರ್ಬೇಕು ಅಂದ್ರು. ದೊಡ್ಡೋರು ಹೇಳಿದ್ರು, ಬಿಚ್ದೆ," ಎಂದು ಅತ್ತ.

ಇನ್ನು ಉಳಿದದ್ದು ನಿಯಂತ್ರಣ ಕೊಠಡಿಯ ದಾಖಲೆ ಪುಸ್ತಕ. ಆಪರೇಟರ್ ಅರ್ಧ ಗಂಟೆಗೊಮ್ಮೆ ಬಿಸಿ, ಒತ್ತಡ ಬರೆಯುವ ಪುಸ್ತಕ. ಗುರುವಾರದ ಹಾಳೆ, ಸಂಖ್ಯೆ ನಲವತ್ತೇಳು. ಹತ್ತೂವರೆಯವರೆಗೆ ಎಲ್ಲ ಸರಿಯಾಗಿತ್ತು. ಹನ್ನೊಂದಕ್ಕೂ ಹನ್ನೊಂದೂವರೆಗೂ ಖಾಲಿ. ನಿದ್ದೆಗೆ ಇದೇ ಸಾಕ್ಷಿ ಎಂದು ಮ್ಯಾನೇಜರ್ ಬೆರಳಿಟ್ಟು ತೋರಿಸಿದ್ದ.

ದಫೇದಾರ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. "ಮೇಡಂ, ಪುಸ್ತಕವೆಲ್ಲ ಕಂದು ಹೆಬ್ಬೆಟ್ಟು ಗುರುತು. ಇದೊಂದು ಹಾಳೆ ಮಾತ್ರ ಮದುಮಗಳ ಹಾಗಿದೆ."

ಹಾಳೆಯ ಬುಡದಲ್ಲಿ ಗೋಂದಿನ ಸಣ್ಣ ಏಣು ಕೈಗೆ ತಾಗಿತು. ಇನ್‌ಸ್ಪೆಕ್ಟರ್ ಮುಂದಿನ ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಸತ್ತವನು ಪೆನ್ನು ಊರಿ ಬರೆಯುವವನು. ಅವನ ಅಕ್ಷರಗಳು ಕೆಳಗಿನ ಕಾಗದಕ್ಕೂ ಇಳಿದಿದ್ದವು.

ಪಂಚರ ಸಮಕ್ಷಮ ಪುಸ್ತಕಕ್ಕೆ ಮೊಹರು ಬಿತ್ತು. ಬರವಣಿಗೆ ಹೋಲಿಸಲು ಅಕ್ಕನ ಅಂಗಡಿಯಿಂದ ಅಳತೆ ಪುಸ್ತಕ ಬಂತು. ರಜೆಯ ದಿನ ತಮ್ಮನೇ ಗಿರಾಕಿಗಳ ಎದೆ, ಸೊಂಟ, ತೋಳುಗಳ ಅಳತೆ ಬರೆದುಕೊಡುತ್ತಿದ್ದನಂತೆ. ಅವನ ನಾಲ್ಕು ಎಂಬ ಅಂಕಿ ಮಗುಚಿದ ಕುರ್ಚಿಯ ಹಾಗಿತ್ತು.

ಶುಕ್ರವಾರ ಸಂಜೆ ನಾಲ್ಕಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಅಂಟಿಸಿದ ಹಾಳೆಯ ಅಂಕಿಗಳು ಮೃತನವಲ್ಲ. ಕೆಳಗಿನ ಹಾಳೆಯ ಅಚ್ಚು ಅವನದೇ. ಮೂಡಿದಷ್ಟನ್ನು ಅವರು ಬಿಡಿಸಿ ಬರೆದಿದ್ದರು: 'ಹನ್ನೊಂದು ಗಂಟೆ. ಒತ್ತಡ ಏರುತ್ತಿದೆ. ಉಗಿ ನಿಲ್ಲಿಸಲೇ ಎಂದು ಫೋನಿನಲ್ಲಿ ಕೇಳಿದೆ. ಡಾಕ್ಟರು ಬೇಡ ಎಂದರು. ಹನ್ನೊಂದು ಇಪ್ಪತ್ತು. ಮತ್ತೆ ಕೇಳಿದೆ. ಮುಂದುವರಿಸು ಎಂದರು.'

ಸ್ಫೋಟ ಹನ್ನೊಂದು ನಲವತ್ತಕ್ಕೆ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರು ತಮ್ಮ ಕೋಣೆಯಲ್ಲಿದ್ದರು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಕೋಟು. ಗೋಡೆಯಲ್ಲಿ ಅದೇ ಪ್ರಬಂಧದ ಮೊದಲ ಪುಟ ಚೌಕಟ್ಟಿನೊಳಗೆ.

"ಹಾಳೆ ಬದಲಾಯಿಸಿದ್ದು ಯಾರು?"

"ನೋಡಿ, ಆ ಆಪರೇಟರಿಗೆ ರಸಾಯನಶಾಸ್ತ್ರ ಗೊತ್ತಿರ್ಲಿಲ್ಲ. ಅವನು ಬರೆದದ್ದು ಓದಿದ್ರೆ ವಿಧಾನವೇ ತಪ್ಪು ಅಂತ ಜನ ತಿಳ್ಕೋತಿದ್ರು."

"ನೀವೇನಾ ಬದಲಾಯಿಸಿದ್ದು?"

"ಹೌದು. ವಿಧಾನ ಉಳೀಬೇಕಿತ್ತು."

"ಮೂವತ್ತೊಂದು ಸಲ ಆಗಿಲ್ಲ ಅದು."

ಅವರ ಮುಖ ಮೊದಲ ಸಲ ಬಾಡಿತು. "ಆಗಿದೆ," ಎಂದರು ಮೆಲ್ಲಗೆ. "ನನಗೆ ಇಪ್ಪತ್ತಾರು ವರ್ಷ ಇದ್ದಾಗ ಒಂದು ಸಲ ಆಗಿದೆ. ಒಂದೇ ಗೋಪುರ. ನನ್ನ ಕಣ್ಣಾರೆ ನೋಡಿದೀನಿ."

"ಎರಡನೇ ಸಲ?"

ಡಾಕ್ಟರು ಗೋಡೆಯ ಚೌಕಟ್ಟಿನ ಕಡೆ ನೋಡಿದರು. ಆ ಒಂದು ಸಲ ಪಾತ್ರೆಯಲ್ಲಿ ಏನಿತ್ತೋ, ಯಂತ್ರವೇ ಎಡವಿತ್ತೋ, ಅವರಿಗೂ ತಿಳಿದಿರಲಿಲ್ಲ. ಮತ್ತೆ ಆಗದಿದ್ದರೂ ಪ್ರತಿಸಲವೂ ಆಗುತ್ತದೆ ಎಂದು ಬರೆದರು. ಆ ಸಾಲು ಅವರಿಗೆ ಹುದ್ದೆ ಕೊಟ್ಟಿತು, ಗೌರವ ಕೊಟ್ಟಿತು. ಇಪ್ಪತ್ತೆರಡು ವರ್ಷ ಅವರು ಬೇರೆಯವರ ಕೈಯನ್ನು ಗಲೀಜು ಎನ್ನುತ್ತಲೇ ಬಂದರು. 'ಆಗಲಿಲ್ಲ' ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ.

ಒಂಬತ್ತು ಐವತ್ತಕ್ಕೆ ದಸ್ತಗಿರಿ. ಠಾಣೆಯಲ್ಲಿ ಬರಹಗಾರ ಕಾನ್‌ಸ್ಟೇಬಲ್ ಸ್ವಇಚ್ಛಾ ಹೇಳಿಕೆಯನ್ನು ನಾಲ್ಕು ಪುಟ ಟೈಪು ಮಾಡಿ ಮುಂದಿಟ್ಟ. ಡಾಕ್ಟರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಪೆನ್ನು ಕೇಳಿದರು. ಎರಡನೇ ಪುಟದಲ್ಲಿ ಹೈಡ್ರಾಕ್ಸಿಲಮೀನಿನ ಕಾಗುಣಿತ ತಿದ್ದಿದರು. ಮೂರನೇ ಪುಟದಲ್ಲಿ ಒಂದು ದ್ರಾವಕದ ಹೆಸರು ತಪ್ಪಾಗಿತ್ತು, ಅದನ್ನೂ ತಿದ್ದಿದರು.

ನಾಲ್ಕನೇ ಪುಟದಲ್ಲಿ ಸತ್ತವನ ವಯಸ್ಸು ಇಪ್ಪತ್ತೊಂಬತ್ತರ ಬದಲು ತೊಂಬತ್ತೆರಡು ಎಂದು ಬಿದ್ದಿತ್ತು. ಟೈಪು ಮಾಡುವವನ ಕೈಯಲ್ಲಿ ಎರಡು, ಒಂಬತ್ತು ಅದಲುಬದಲಾಗಿದ್ದವು. ಡಾಕ್ಟರ ಕಣ್ಣು ಆ ಸಾಲಿನ ಮೇಲೆ ಹಾಯ್ದು ಹೋಯಿತು, ಪೆನ್ನು ನಿಲ್ಲಲಿಲ್ಲ. ಕೆಳಗೆ ಚೆಂದದ ಸಹಿ ಹಾಕಿದರು.

ಇನ್‌ಸ್ಪೆಕ್ಟರ್ ಹಾಳೆ ಈಚೆಗೆ ಎಳೆದುಕೊಂಡು, ಆ ಅಂಕಿಯನ್ನು ತಾನೇ ಹೊಡೆದುಹಾಕಿ ಸರಿಯಾದದ್ದನ್ನು ಬರೆದಳು. ಹಿಂದಿನ ಶನಿವಾರ ಕಡತಕ್ಕೆ ಸಹಿ ಹಾಕಿದ್ದ ಅದೇ ಕೈಯಿಂದ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದಳು. ಆಮೇಲೆ ಹೊರಗೆ ಹೋಗಿ ನಲ್ಲಿ ಬಿಟ್ಟು, ಬಹಳ ಹೊತ್ತು ಕೈ ತೊಳೆದುಕೊಂಡಳು.