ಹದಿನೈದನೆಯ ದೆವ್ವ

ನಾನೊಮ್ಮೆ ಬರೀ ಕೆಮ್ಮಿ ಒಂದು ದೆವ್ವವನ್ನು ಮೂರ್ಛೆ ಬೀಳಿಸಿದ್ದೇನೆ. ಅದೂ ಹಾಡಹಗಲು, ಮಧ್ಯಾಹ್ನ ಹನ್ನೆರಡೂವರೆಗೆ. ಬಿದ್ದ ದೆವ್ವದ ಮುಖಕ್ಕೆ ನಾನೇ ನೀರು ಚಿಮುಕಿಸಿದೆ, ನಾನೇ ಚಹಾ ಮಾಡಿ ಕುಡಿಸಿದೆ, ಆಮೇಲೆ ಅದನ್ನೇ ಮದುವೆಯಾದೆ.

ನಂಬಿಕೆ ಬರಲಿಲ್ಲವೇ? ನಾನು ಯಾರೆಂದು ತಿಳಿದರೆ ಬರುತ್ತದೆ. ಲಿಫ್ಟ್ ರಿಪೇರಿ ನನ್ನ ಕಸುಬು. ಹದಿನೇಳು ಮಹಡಿಯ ಕಟ್ಟಡದ ಕತ್ತಲ ಗುಂಡಿಯಲ್ಲಿ ಒಂದೇ ಹಗ್ಗಕ್ಕೆ ಜೋತುಬಿದ್ದು ನಿದ್ದೆ ತೆಗೆಯಬಲ್ಲವನು ನಾನು. ಹೆದರಿಕೆ ಎಂಬುದು ನನ್ನ ವಿಳಾಸ ಹುಡುಕಿಕೊಂಡು ಬಂದು, ಬಾಗಿಲಲ್ಲಿ ನನ್ನ ಚಪ್ಪಲಿ ನೋಡಿಯೇ ವಾಪಸು ಹೋಗಿದೆ.

ಇನ್ನು ಆ ದೆವ್ವದ, ಅಂದರೆ ನನ್ನ ಹೆಂಡತಿಯ ಮನಸ್ಸು... ಅದು ನನಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಅವಳು ಬಾಯಿಬಿಟ್ಟು ಹೇಳದ್ದನ್ನೂ ಈ ಕಥೆಯಲ್ಲಿ ನಾನೇ ಹೇಳಿಬಿಡುತ್ತೇನೆ.

ಆ ದಿನ ನಾನು ಏಣಿ ಹೊತ್ತು ಅಕ್ಕನ ಮನೆಗೆ ಹೋದದ್ದು ಚಾವಣಿಗೆ ನಾಲ್ಕು ಕೊಕ್ಕೆ ಹಾಕಿಕೊಡಲು. ಅಕ್ಕನ ಮಗಳು ಗುಬ್ಬಿಗೆ ಏಳು ತುಂಬಲು ಒಂದು ವಾರವಿತ್ತು. ಈ ಸಲ ಹುಟ್ಟುಹಬ್ಬಕ್ಕೆ ರಾಜಕುಮಾರಿ ಬೇಡ, ಹ್ಯಾಲೋವೀನ್ ಬೇಕು, ಬಂದವರೆಲ್ಲ ದೆವ್ವ ಆಗಿರಬೇಕು ಎಂದು ಅವಳು ಹಟ ಹಿಡಿದಿದ್ದಳು. ಭಾವ ಹಡಗಿನ ಕೆಲಸದವರು, ಊರಲ್ಲಿರಲಿಲ್ಲ. ಅಕ್ಕ ಮಕ್ಕಳ ಪಾರ್ಟಿ ಮಾಡಿಕೊಡುವವಳೊಬ್ಬಳನ್ನು ಗೊತ್ತುಮಾಡಿದ್ದಳು. ನಾನಿನ್ನೂ ಆಕೆಯನ್ನು ನೋಡಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ಪರದೆಗಳೆಲ್ಲ ಮುಚ್ಚಿದ್ದವು. ಹೊರಗಿನ ಬಿಸಿಲಿನಿಂದ ಬಂದವನಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಪೇಲವ ಚೌಕಗಳು ಮಾತ್ರ.

ಅವು ಫೋಟೋಗಳಿದ್ದ ಜಾಗ. ವರ್ಷದ ಹಿಂದೆ ನಮ್ಮಮ್ಮ ತೀರಿಕೊಂಡ ಮೇಲೆ ಅಕ್ಕ ಅವಳ ಫೋಟೋಗಳನ್ನೆಲ್ಲ ಇಳಿಸಿ, ಅವಳಿದ್ದ ಮಹಡಿ ಕೋಣೆಗೆ ಬೀಗ ಹಾಕಿದ್ದಳು. ಅಲ್ಲಿಂದಾಚೆಗೆ ಗುಬ್ಬಿ ‘ಅಜ್ಜಿ’ ಎಂದರೆ ಸಾಕು, ಅಕ್ಕ ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದಳು. ನೀರು ಧೋ ಎಂದು ಸುರಿಯುತ್ತಿತ್ತು. ಮಗು ಮಾತು ನಿಲ್ಲಿಸುತ್ತಿತ್ತು. ನಲ್ಲಿ ಬಂದಾಗುತ್ತಿತ್ತು.

ಆ ಚೌಕಗಳ ಕೆಳಗೆ, ನೆಲದ ಮೇಲೆ, ಬೆಳ್ಳಗಿನದೊಂದು ಸರಿಯಿತು.

ಎತ್ತರ ನನ್ನ ಸೊಂಟದಷ್ಟೂ ಇಲ್ಲ. ಕೈಯಿಲ್ಲ, ಕಾಲಿಲ್ಲ. ಬಟ್ಟೆ ನೆಲಕ್ಕೆ ಉಜ್ಜುವ ಸಣ್ಣ ಸದ್ದು. ಸೋಫಾದ ಹತ್ತಿರ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿತು. ಎರಡು ಕಪ್ಪು ತೂತು...

ನಾನು ಕೆಮ್ಮಿದೆ. ಅಷ್ಟೇ. ದೆವ್ವ ದೊಪ್ಪನೆ ಬಿತ್ತು.

ಬಟ್ಟೆ ಎತ್ತಿ ನೋಡಿದರೆ ಕೆದರಿದ ಕೂದಲಿನ, ಮೂಗಿಗೆ ಸೀಮೆಸುಣ್ಣ ಮೆತ್ತಿಕೊಂಡ ಹುಡುಗಿ. ಇವಳೇ ಪಾರ್ಟಿಯವಳು. ಗುಬ್ಬಿ ಇಟ್ಟ ಹೆಸರು ಬಲೂನಕ್ಕ. ನನ್ನ ಎತ್ತರ, ನನ್ನ ಧೈರ್ಯ, ನಾನು ಲೋಟ ಹಿಡಿದ ರೀತಿ, ಎಲ್ಲವನ್ನೂ ನೋಡಿ ಆ ಕ್ಷಣವೇ ಅವಳ ಎದೆ ನನ್ನ ಪಾಲಾಯಿತು. ‘ಇಂಥ ಗಂಡಸು ಇಷ್ಟು ದಿನ ಎಲ್ಲಿದ್ದ?’ ಎಂದುಕೊಂಡಳು, ಪಾಪ.

ಚಹಾ ಕುಡಿಯುತ್ತಾ ಅವಳು ತನ್ನ ಕೆಲಸದ ಕ್ರಮ ಹೇಳಿದಳು. ಯಾವ ಮನೆಯಾದರೂ ಮೊದಲು ಮಕ್ಕಳು ಹಾಕುವ ವೇಷವನ್ನೇ ತಾನೂ ಹಾಕಿ, ಮೊಣಕಾಲ ಮೇಲೆ ಇಡೀ ಮನೆ ಸುತ್ತುತ್ತಾಳಂತೆ. ದೊಡ್ಡವರ ಕಣ್ಣಿಗೆ ತಮಾಷೆಯಾಗಿ ಕಂಡದ್ದು ಏಳು ವರ್ಷದ ಎತ್ತರದಿಂದ ಹೇಗೆ ಕಾಣುತ್ತದೆ ಎಂದು ನೋಡಲು. ಜೊತೆಗೆ ಅವಳದೊಂದು ನಿಯಮವಿತ್ತು. ಅದನ್ನು ಹೇಳುವಾಗ ಮಾತ್ರ ಅವಳು ನಗಲಿಲ್ಲ.

"ಹೆದರ್ಸೋ ವಸ್ತು ಎಲ್ಲಿಟ್ರೂ, ಅಲ್ಲಿಂದ ಮೂರು ಹೆಜ್ಜೆ ಒಳಗೆ ಹಿಡ್ಕೊಳ್ಳೋಕೆ ಒಂದು ಕೈ ಇರ್ಬೇಕು. ಕೈ ಇಲ್ದಿದ್ರೆ ಅದು ಆಟ ಅಲ್ಲ."

ಅದಕ್ಕೇ ಆ ಸೀಮೆಸುಣ್ಣ. ದೊಡ್ಡವರು ನಿಲ್ಲಬೇಕಾದ ಜಾಗಗಳಲ್ಲಿ ಅವಳು ನೆಲದ ಮೇಲೆ ಸಣ್ಣ ಅಡ್ಡಗೆರೆ ಎಳೆಯುತ್ತಿದ್ದಳು.

ಆ ವಾರ ನಾನು ಲಿಫ್ಟುಗಳನ್ನೆಲ್ಲ ಮರೆತೆ. ಮುನ್ನೂರು ಕುಂಬಳಕಾಯಿಗೆ ಕಣ್ಣು, ಮೂಗು, ಹಲ್ಲು ಕೊರೆದೆ (ಆರು ಎನ್ನುತ್ತಾಳೆ ಅಕ್ಕ. ಅವಳಿಗೆ ಲೆಕ್ಕ ಬರುವುದಿಲ್ಲ). ಹತ್ತಿ ಎಳೆದೆಳೆದು ಜೇಡರ ಬಲೆ ಮಾಡಿದೆವು. ಸಿಪ್ಪೆ ಸುಲಿದ ದ್ರಾಕ್ಷಿಯನ್ನು ಕಪ್ಪು ಡಬ್ಬಿಗೆ ಹಾಕಿ, ಕೈ ಹಾಕಿದರೆ ಕಣ್ಣುಗುಡ್ಡೆ ಅನಿಸುವಂತೆ ತಣ್ಣಗೆ ಇಡುವುದೆಂದಾಯಿತು. ಗುಬ್ಬಿಯೂ ಸೇರಿ ಹದಿನಾಲ್ಕು ಮಕ್ಕಳಿಗೆ ಹದಿನಾಲ್ಕು ಪುಟ್ಟ ಬಿಳಿ ಬಟ್ಟೆಗಳು ಸಿದ್ಧವಾದವು.

ಬುಧವಾರ ಗುಬ್ಬಿ ಬಲೂನಕ್ಕನ ಹತ್ತಿರ ಬಂದು ಇನ್ನೊಂದು ಬೇಕೆಂದಳಂತೆ. ಹದಿನೈದನೆಯದು. ದೊಡ್ಡವರ ಅಳತೆಯದು.

ಯಾರಿಗೆ ಎಂದು ಕೇಳಿದ್ದಕ್ಕೆ ಮಗು ಎದ್ದು ಹೋಗಿ ಬಾಗಿಲು ಮುಚ್ಚಿ ಬಂತು.

ಎರಡು ದಿನ ಅದನ್ನು ಒಬ್ಬಳೇ ಹೊತ್ತು, ತಡೆಯಲಾಗದೆ, ಶುಕ್ರವಾರ ಮೆಟ್ಟಿಲ ಮೇಲೆ ಕೂತು ಅವಳು ನನಗೆ ಹೇಳಿದಳು. ಅವಳ ದನಿಯಲ್ಲಿ ಗುಬ್ಬಿಯ ಮಾತು ಇದ್ದ ಹಾಗೇ ಬಂತು.

"ಎಲ್ರೂ ದೆವ್ವ ಆಗಿದ್ರೆ ಅಜ್ಜಿ ಬಂದ್ರೂ ಅಮ್ಮಂಗೆ ಗೊತ್ತಾಗಲ್ಲ. ಆಗ ಅಮ್ಮ ನಲ್ಲಿ ತಿರುಗಿಸಲ್ಲ."

ಕಣ್ಣಿನ ತೂತು ಮಾಡಲು ಇವಳು ಕತ್ತರಿ ಎತ್ತಿಕೊಂಡಾಗ ಮಗು ಕೈ ಹಿಡಿದು ತಡೆಯಿತಂತೆ. ಅಜ್ಜಿಗೆ ತೂತು ಬೇಡ, ಅವಳಿಗೆ ಈ ಮನೆಯ ದಾರಿ ಗೊತ್ತು ಎಂದಿತಂತೆ.

ಆ ಬಟ್ಟೆ ಮೆಟ್ಟಿಲ ಬುಡದ ಗೂಟಕ್ಕೆ ನೇತಾಡುತ್ತಿತ್ತು. ಮುಖವಿಲ್ಲದ್ದು. ಯಾರಾದರೂ ಬಾಗಿಲು ತೆಗೆದರೆ ಅದು ಉಸಿರೆಳೆದುಕೊಂಡಂತೆ ಉಬ್ಬಿ, ಮುಚ್ಚಿದರೆ ಇಳಿಯುತ್ತಿತ್ತು. ತಾನು ದಾಟಿ ಹೋದಾಗಲೆಲ್ಲ ಅದು ಕೊಂಚ ತನ್ನ ಕಡೆ ತಿರುಗಿದಂತೆ ಅವಳಿಗೆ ಅನಿಸುತ್ತಿತ್ತು.

"ನೀವು ಅದನ್ನ ಹೊದ್ಕೊಂಡು ಅಜ್ಜಿ ಆಟ ಆಡ್ಬಾರ್ದು," ಎಂದಳು. "ಯಾರಿಗೂ ಹೇಳ್ಲೂಬಾರ್ದು. ನಾನು ಮಗುವಿಗೆ ಮಾತು ಕೊಟ್ಟಿದೀನಿ."

"ಅಜ್ಜಿ ಬರ್ದೇ ಇದ್ರೆ?"

ಅವಳು ಬೆರಳಿಗೆ ಮೆತ್ತಿದ್ದ ಸೀಮೆಸುಣ್ಣ ಒರೆಸಿಕೊಂಡಳು.

"ಪಕ್ಕದಲ್ಲಿ ನಾನಿರ್ತೀನಿ. ಅದಕ್ಕಿಂತ ಹೆಚ್ಚು ನನ್ ಕೈಲಾಗಲ್ಲ."

ನಾನು ಭಾಷೆ ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವವನಲ್ಲ ಈ ನಾನು!

ಮಾರನೆಯ ದಿನ, ಪಾರ್ಟಿಯ ಬೆಳಿಗ್ಗೆ, ನಾವಿಬ್ಬರೂ ಒಟ್ಟಿಗೆ ಒಳಗೆ ಕಾಲಿಟ್ಟೆವು. ಗೂಟ ಬರಿದಾಗಿತ್ತು.

ಬಟ್ಟೆ ಕೆಳಗಿನ ಮೆಟ್ಟಿಲ ಮೇಲಿತ್ತು. ಯಾರೋ ಅದನ್ನು ಎಂಟು ಮಡಿಕೆ ಮಾಡಿ, ಕೊನೆಯ ಮೂಲೆಯನ್ನು ಒಳಗೆ ಸಿಕ್ಕಿಸಿ ಇಟ್ಟಿದ್ದರು. ಅಮ್ಮ ಬದುಕಿರುವಾಗ ಮನೆಯ ಹೊದಿಕೆಗಳನ್ನೆಲ್ಲ ಹಾಗೇ ಮಡಿಸುತ್ತಿದ್ದಳು, ಮೂಲೆ ಸಿಕ್ಕಿಸಿ. ನಾನದನ್ನು ಹೇಳಿದ್ದೇ ತಡ, ಅವಳ ಮುಂಗೈ ಕೂದಲು ನಿಮಿರಿದ್ದು ನನಗೆ ಕಂಡಿತು. ಬಟ್ಟೆ ಬಿಡಿಸಿ ಮತ್ತೆ ಗೂಟಕ್ಕೆ ಹಾಕಿದಳು.

ಆಮೇಲೆ ಇಡೀ ದಿನ ಗಡಿಬಿಡಿ. ಅಕ್ಕ ಗುಂಡುಸೂಜಿ ತುಳಿದುಕೊಂಡಳು. ಮಕ್ಕಳಿಗೆಂದು ತಂದಿದ್ದ ಕುಂಬಳಕಾಯಿ ಚಿತ್ರದ ಪ್ಲಾಸ್ಟರನ್ನೇ ಅವಳ ಹಿಮ್ಮಡಿಗೆ ಅಂಟಿಸಿದ್ದಾಯಿತು. ಬಲೂನುಗಳಿಗೆ ಬಾಯಿ ಬರೆದದ್ದಾಯಿತು. ಸಂಜೆ ಹೊತ್ತಿಗೆ ಬಲೂನಕ್ಕ ಅಡುಗೆಮನೆಯ ಬಾಗಿಲಲ್ಲಿ ಕೊನೆಯ ಅಡ್ಡಗೆರೆ ಎಳೆದು, ನನ್ನನ್ನು ಕರೆದು ಅದರ ಮೇಲೆ ನಿಲ್ಲಿಸಿದಳು. ಇಲ್ಲಿಂದ ಅಲ್ಲಾಡಬೇಡಿ ಎಂದಳು.

ಆರು ಗಂಟೆಗೆ ದೀಪ ಆರಿದವು. ಕುಂಬಳಕಾಯಿಗಳ ಹಲ್ಲಿನ ಸಂದಿಯಿಂದ ಮಾತ್ರ ಕೆಂಪು ಬೆಳಕು. ಹದಿಮೂರು ಪುಟ್ಟ ದೆವ್ವಗಳು ಕಿಲಕಿಲ ನಗುತ್ತಾ ದ್ರಾಕ್ಷಿಯ ಡಬ್ಬಿಗೆ ಕೈ ಹಾಕುತ್ತಿದ್ದವು. ಗುಬ್ಬಿ ಮಾತ್ರ ಆಟಕ್ಕೆ ಸೇರದೆ ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ತೂತಿನೊಳಗಿನ ಕಣ್ಣು ಮೇಲಕ್ಕೇ ನೆಟ್ಟಿತ್ತು.

ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸುವುದು ಬಲೂನಕ್ಕನ ಅಭ್ಯಾಸ. ಎಣಿಸಿದಳು.

ಹದಿನೈದು.

ಮತ್ತೊಮ್ಮೆ ಎಣಿಸಿದಳು. ಹದಿನೈದು. ಗೂಟದ ಕಡೆ ನೋಡಿದಳು. ಗೂಟ ಖಾಲಿ.

ಮೆಟ್ಟಿಲ ತಿರುವಿನಲ್ಲಿ ಅದು ನಿಂತಿತ್ತು. ಎತ್ತರವಾಗಿ, ಮುಖವಿಲ್ಲದೆ.

ಇಳಿಯತೊಡಗಿತು. ಕಣ್ಣಿಗೆ ತೂತಿಲ್ಲದಿದ್ದರೂ ಕಂಬಿ ಹಿಡಿಯಲಿಲ್ಲ, ತಡವರಿಸಲಿಲ್ಲ. ನಾಲ್ಕನೆಯ ಮೆಟ್ಟಿಲು ಕಿರ್ ಎನ್ನುತ್ತದೆ. ಅದನ್ನು ತುಳಿಯದೆ ದಾಟಿತು, ಅಮ್ಮ ದಾಟುತ್ತಿದ್ದ ಹಾಗೆ. ಮಕ್ಕಳ ನಗು ಒಂದೊಂದಾಗಿ ನಿಂತಿತು. ಹೊರಗೆ ಎಲ್ಲೋ ಹೋಗುತ್ತಿದ್ದ ಕಾರಿನ ಸದ್ದು ಕೂಡ ಕೇಳಿಸಿತು.

ಗುಬ್ಬಿ ಎದ್ದು ನಿಂತಳು. ಬಿಳಿಯದು ಬಾಗಿತು. ಬಟ್ಟೆಯೊಳಗಿನಿಂದಲೇ ಒಂದು ಕೈ ಅವಳ ತಲೆಯನ್ನು ಎರಡು ಸಲ ಸವರಿ, ನೆತ್ತಿಗೆ ಮೆಲ್ಲಗೆ ಒಂದು ತಟ್ಟಿತು. ಎರಡು ಸವರು, ಒಂದು ತಟ್ಟು. ಅಕ್ಕನನ್ನೂ ನನ್ನನ್ನೂ ಅಮ್ಮ ಮಲಗಿಸುತ್ತಿದ್ದದ್ದು ಹಾಗೆಯೇ.

ಗುಬ್ಬಿ ಅದರ ಕಿವಿಯಿರಬಹುದಾದ ಕಡೆ ಏನೋ ಪಿಸುಗುಟ್ಟಿದಳು. ಬಿಳಿಬಟ್ಟೆ ನಡುಗಿತು. ಹಾಗೇ ತಬ್ಬಿಕೊಂಡು ನಿಂತಿತು. ಆಮೇಲೆ ತಿರುಗಿ ಬಂದ ಹಾಗೆಯೇ ಮೇಲೇರಿ ಹೋಯಿತು.

ಬಲೂನಕ್ಕನ ಎದೆಯಲ್ಲಿ ಆಗ ಏನು ನಡೆಯಿತೆಂದು ಕೇಳಿ. ಮೊದಲು ಸಿಟ್ಟು. ‘ಇವನೇ! ಭಾಷೆ ಕೊಟ್ಟು ಬಟ್ಟೆ ಹೊದ್ದಿದ್ದಾನೆ’ ಎಂದುಕೊಂಡಳು. ಗಿರಕ್ಕನೆ ಅಡುಗೆಮನೆಯ ಕಡೆ ತಿರುಗಿದರೆ, ಗೆರೆಯ ಮೇಲೆ ನಾನು ನಿಂತಿದ್ದೇನೆ, ಕೈಯಲ್ಲಿ ಕೇಕಿನ ತಟ್ಟೆ! ಆಗ ಬಂತು ನೋಡಿ ಹೆದರಿಕೆ. ಗುಬ್ಬಚ್ಚಿಯ ಹಾಗೆ ನಡುಗಿದಳು. ಒಂದು... ಎರಡು... ಮೂರು ಹೆಜ್ಜೆ. ನನ್ನ ಕೈ ಹಿಡಿದುಕೊಂಡಳು.

"ನೀವು ಇಲ್ಲಿದೀರಿ," ಎಂದಳು. "ಹಾಗಾದ್ರೆ ಅದು ಯಾರು?"

"ಗೊತ್ತಿಲ್ಲ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಕೈ ಬಿಡಲಿಲ್ಲ.

ಮಕ್ಕಳೆಲ್ಲ ಹೊರಟ ಮೇಲೆ ಮಹಡಿಗೆ ಹೋದೆವು. ವರ್ಷದಿಂದ ಬೀಗ ಹಾಕಿದ್ದ ಕೋಣೆ ತೆರೆದಿತ್ತು. ಅಮ್ಮನ ಮಂಚದ ಮೇಲೆ ಬಿಳಿಬಟ್ಟೆ, ಎಂಟು ಮಡಿಕೆ, ಮೂಲೆ ಒಳಗೆ. ಮುಟ್ಟಿದರೆ ಒಂದು ಕಡೆ ಒದ್ದೆ.

ಮರುದಿನ ಗೋಡೆಯ ಚೌಕಗಳ ಮೇಲೆಲ್ಲ ಫೋಟೋಗಳು ಮರಳಿ ಬಂದವು. ಗುಬ್ಬಿ ‘ಅಜ್ಜಿ’ ಎಂದಳು. ನಲ್ಲಿ ಸುಮ್ಮನಿತ್ತು.

ಇವಳು ಆ ದಿನ ಹಿಡಿದ ಕೈಯನ್ನು ಮತ್ತೆ ಬಿಡಲಿಲ್ಲ. ಮೂರು ವರ್ಷವಾಯಿತು. ಒಂದು ನಿಜವಾದ ದೆವ್ವ ಬಂದು ನಮ್ಮನ್ನು ಒಂದು ಮಾಡಿ ಹೋಯಿತು, ನನ್ನಾಣೆಗೂ ನಿಜ...

ಇಷ್ಟು ಬರೆಯುವಷ್ಟರಲ್ಲಿ ಕುರ್ಚಿಯ ಹಿಂದೆ ಯಾರೋ ಕೆಮ್ಮಿದರು.

ಅವಳೇ. ಎಷ್ಟು ಹೊತ್ತಿನಿಂದ ಓದುತ್ತಾ ನಿಂತಿದ್ದಳೋ ಏನೋ.

"ಪ್ಲಾಸ್ಟರ್ ಬರ್ದಿದೀಯ. ಆಮೇಲೆ ಅದೇನಾಯ್ತು ಅಂತ ಬರೀಲಿಲ್ಲ," ಎಂದಳು.

ನಾನು ಕುರ್ಚಿ ತಿರುಗಿಸಿದೆ.

"ಮೆಟ್ಟಿಲು ಹತ್ತುವಾಗ ಬಟ್ಟೆ ಅಂಚು ಮೇಲೆ ಹೋಯ್ತು. ಹಿಮ್ಮಡೀಲಿ ಕುಂಬಳಕಾಯಿ ಚಿತ್ರ. ನಾನೇ ಅಂಟಿಸಿದ್ದು."

ಮೂರು ವರ್ಷದಿಂದ ಅವಳಿಗೆ ಗೊತ್ತಿತ್ತು! ಇಲ್ಲಿಯವರೆಗೆ ಅವಳ ಮನಸ್ಸಿನ ಬಗ್ಗೆ ನಾನು ಬರೆದದ್ದನ್ನೆಲ್ಲ ಹೊಡೆದುಹಾಕಿ, ಓದುಗರೇ. ನನಗೇನೂ ಗೊತ್ತಿರಲಿಲ್ಲ.

ಹೇಳಿಬಿಟ್ಟೆ. ಭಾಷೆ ಕೊಟ್ಟ ಶುಕ್ರವಾರವೇ, ಒಂದು ಗಂಟೆಯೂ ಕಳೆದಿರಲಿಲ್ಲ, ಅಡುಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದ್ದೆ. ಅಕ್ಕ ನಲ್ಲಿ ತಿರುಗಿಸಿದಳು. ನೀರು ಬಹಳ ಹೊತ್ತು ಹರಿಯಿತು. ನಿಲ್ಲಿಸಿ, ಆ ಬಟ್ಟೆ ಎಲ್ಲಿದೆ ಎಂದು ಮಾತ್ರ ಕೇಳಿದಳು. ಮಡಿಸಿದ್ದೂ ಅವಳೇ, ಹೊದ್ದದ್ದೂ ಅವಳೇ. ಅಮ್ಮನ ಹಾಗೆ ನಟಿಸಲು ಹೊದ್ದದ್ದಲ್ಲವಂತೆ. ಮುಖ ಕಾಣದ ಹಾಗೆ ಒಮ್ಮೆ ಅಳಬೇಕಿತ್ತಂತೆ. ಮಗುವಿಗೆ ತಬ್ಬಿದ ಕೂಡಲೇ ಗೊತ್ತಾಗಿತ್ತು. ಅದು ಪಿಸುಗುಟ್ಟಿದ್ದು ಇಷ್ಟೇ: "ಅಮ್ಮಾ, ನೀನೂ ಅಜ್ಜೀನ ಹುಡುಕ್ತಿದೀಯಾ?"

"ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ನೀನು ಕೈ ಹಿಡಿದಿದ್ದೆ. ಹೇಳಿದ್ರೆ ಬಿಟ್ಬಿಡ್ತೀಯ ಅಂತ ಹೆದರಿಕೆ ಆಯ್ತು."

ಹೆದರಿಕೆ. ಈ ಪದವನ್ನು ನನ್ನ ಬಗ್ಗೆ ನಾನು ಮೊದಲ ಸಲ ಬಳಸಿದೆ.

"ಮಾತು ತಪ್ಪಿದ್ದಕ್ಕೆ ಸಿಟ್ಟಿತ್ತು. ನೀನಾಗೇ ಹೇಳ್ಲಿ ಅಂತ ಕಾದೆ," ಎಂದಳು. "ಆದ್ರೆ ಮಗು ಮತ್ತೆ ‘ಅಜ್ಜಿ’ ಅನ್ನೋ ಹಾಗಾಗಿದ್ದು ನೀನು ತಪ್ಪಿದ್ರಿಂದ. ಅದಕ್ಕೇ ಸುಮ್ನಿದ್ದೆ."

"ದೆವ್ವ ಅಲ್ಲ ಅಂತ ಗೊತ್ತಿದ್ದೂ ಬಂದು ಯಾಕೆ ಕೈ ಹಿಡ್ಕೊಂಡೆ?"

ಅವಳು ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು, ಅಡುಗೆಮನೆಯ ಗೆರೆಯ ಬಗ್ಗೆ ನಾನು ಬರೆದ ಸಾಲು ತೋರಿಸಿದಳು.

"ಅಲ್ಲಿ ಮಕ್ಕಳನ್ನ ಹೆದರ್ಸೋ ವಸ್ತು ಏನಾದ್ರೂ ಇತ್ತಾ?"

ಯೋಚಿಸಿದೆ. ಏನೂ ಇರಲಿಲ್ಲ. ಬರೀ ಗೋಡೆ. ಅಲ್ಲಿಂದ ಮೂರು ಹೆಜ್ಜೆಯಲ್ಲಿ ಇವಳು ನಿಂತಿದ್ದಳು, ಅಷ್ಟೇ.

"ಅಜ್ಜಿ ಬರ್ದೇ ಹೋದ್ರೆ ಆ ಮಗು ಮುಖ ಹೇಗೆ ನೋಡ್ಲಿ ಅಂತ ನಂಗೇ ಹೆದರಿಕೆ ಆಗಿತ್ತು," ಎಂದಳು. "ಆ ಗೆರೆ ನನಗೋಸ್ಕರ ನಾನೇ ಎಳ್ಕೊಂಡಿದ್ದು."

ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ.

"ಮೊದ್ಲು ಆ ಮೂರ್ಛೆ ಸರಿ ಮಾಡು."

ಸರಿ. ಮೂರ್ಛೆ ಬಿದ್ದವನು ನಾನು. ನಾನು ಕೆಮ್ಮಲೂ ಇಲ್ಲ, ಅಮ್ಮಾ ಎಂದು ಕಿರುಚಿ ಏಣಿಯ ಸಮೇತ ಬಿದ್ದೆ. ನೀರು ಚಿಮುಕಿಸಿದ್ದು ಅವಳು, ಚಹಾ ಮಾಡಿದ್ದು ಅವಳು, ಎಚ್ಚರವಾಗುವವರೆಗೆ ನನ್ನ ಕೈ ಹಿಡಿದು ಕೂತಿದ್ದವಳೂ ಅವಳೇ.

"ಬರ್ದೆ," ಎಂದೆ.

ಓದಿದಳು. ಕುರ್ಚಿಯ ಪಕ್ಕಕ್ಕೆ ಬಂದಳು. ಹಿಡಿದುಕೊಂಡಳು.