ಎಡಗಾಲಿನ ಜಗಳ

"ತಪ್ಪಿರೋದು ನೀವು ಪಾದ ಕೂರಿಸಿದ್ರಲ್ಲಿ," ಅಂದಳು ಅವಳು.

"ಅಲ್ಲ ಮೇಡಂ, ನಿಮ್ಮ ಅಳತೇನೇ ಸಡಿಲ," ಅಂದ ಅವನು.

ಕೃತಕ ಕಾಲು ಮಾಡುವ ಆ ವರ್ಕ್‌ಶಾಪಿನಲ್ಲಿ ಅಳತೆ ತೆಗೆಯುವವಳು ಅವಳು. ಅವನು ಎರಡು ತಿಂಗಳ ಹಿಂದೆ ಸೇರಿದ ಫಿಟ್ಟರ್. ಅಲ್ಲಿ ಕಾಲು ಮಾಡಿಸಿಕೊಂಡಿದ್ದ ಡ್ರಾಯಿಂಗ್ ಟೀಚರ್ ಒಬ್ಬರು ಆ ಸೋಮವಾರ ಮೂರನೇ ಸಲ ವಾಪಸು ಬಂದಿದ್ದರು. ಹೊಸ ಎಡಗಾಲು ಅವರ ಚರ್ಮ ಕೀಳುತ್ತಿತ್ತು.

"ಇನ್ನೊಂದು ಸಲ ಹೀಗಾದ್ರೆ ಊರುಗೋಲಲ್ಲೇ ಇದ್ದುಬಿಡ್ತೀನಿ ಕಣಮ್ಮ," ಎಂದು ಅವರು ಮೆಲ್ಲಗೆ ಹೇಳಿದ್ದು ಅವಳಿಗೆ ಚುಚ್ಚಿತ್ತು.

ಹಿಂದಿನ ಫಿಟ್ಟರ್ ಆಗಿದ್ದರೆ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದ. ಇವನು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತ.

"ಏನು ನೋಡಿ ನಿಮಗೆ ಹಾಗನ್ನಿಸ್ತು? ನಂಗೂ ತೋರಿಸಿ."

ಕೊಂಕು ಮಾತೇನೋ ಎಂದು ಅವಳು ಅವನನ್ನು ದಿಟ್ಟಿಸಿದಳು. ಹುಬ್ಬಿನ ಮೇಲೆ ಪ್ಲಾಸ್ಟರ್ ಪುಡಿ. ಕಣ್ಣಲ್ಲಿ ಬರೀ ಕುತೂಹಲ. ಟೀಚರ್ ನಡೆದಾಡಿದ ವಿಡಿಯೋ ತೋರಿಸಿದಳು. ಪಾದ ಹೊರಕ್ಕೆ ತಿರುಗಿತ್ತು. ಕಾಲು ಒಳಗೆ ಸಡಿಲಾಗಿ ಉಜ್ಜಿ ಚರ್ಮದ ಮೇಲಾಗಿದ್ದ ಕೆಂಪು ಗುರುತನ್ನು ಅವನು ತೋರಿಸಿದ. ಅವನು ಹೇಳಿದ್ದರಲ್ಲೂ ಹುರುಳಿತ್ತು. ಆದರೂ ಇಬ್ಬರೂ ಬಿಟ್ಟುಕೊಡಲಿಲ್ಲ.

ಮೂಲೆಯಲ್ಲಿ ಕೃತಕ ಕಾಲು ಬಿಗಿಯುವ ಪಟ್ಟಿ ಹೊಲಿಯುತ್ತಿದ್ದ ಅಕ್ಕ ಮಿಷನ್ ನಿಲ್ಲಿಸಿದರು. "ಸಂಜೆ ಹೊತ್ತಿಗೆ ಅವರ ಕಾಲು ಸೊರಗುತ್ತೆ. ಪಟ್ಟಿ ಒಂದು ತೂತು ಒಳಗೆ ಹೋಗುತ್ತೆ. ನೀವು ಅಳತೆ ತೆಗೆದಿದ್ದು ಬೆಳಿಗ್ಗೆ."

"ಮೊದಲೇ ಹೇಳಬಾರದಿತ್ತಾ ಅಕ್ಕ?" ಅಂದಳು ಅವಳು.

"ಇಲ್ಲಿ ಯಾರು ಏನಂದ್ರೂ ಮುನಿಸಾಗ್ತಿತ್ತು. ಇವತ್ತು ನೀವಿಬ್ರೂ ಒಬ್ಬರ ಮಾತು ಒಬ್ಬರು ಕೇಳ್ತಿದ್ರಿ ನೋಡಿ, ಧೈರ್ಯ ಬಂತು."

ಅಂದು ಸಂಜೆಯೇ ಹೊಸ ಅಳತೆ ತೆಗೆದರು. ಅವನು ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿದ. ಶುಕ್ರವಾರ ಟೀಚರ್ ಊರುಗೋಲು ಗೋಡೆಗೆ ಒರಗಿಸಿಟ್ಟು, ಕಾರಿಡಾರಿನ ಆ ತುದಿಗೆ ಹೋಗಿ ಬಂದರು. ಬಿಚ್ಚಿ ನೋಡಿದರೆ ಒಂದು ಗೀರೂ ಇಲ್ಲ. ಅವರು ಕಣ್ಣೊರೆಸಿಕೊಂಡು, "ನೀವಿಬ್ರೂ ಹೀಗೇ ಜಗಳ ಆಡ್ತಾ ಇರಿ," ಎಂದು ನಕ್ಕರು.

ಕೆಲಸ ಮುಗಿಸಿ ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.

"ನಿಮಗೆ ಕೋಪಾನೇ ಬರಲ್ವಾ?" ಅವಳು ಕೇಳಿದಳು.

"ಬರುತ್ತೆ. ನೀವು ಹೇಗೆ ಯೋಚನೆ ಮಾಡ್ತೀರ ಅಂತ ತಿಳ್ಕೊಳ್ಳೋ ಆಸೆ ಅದಕ್ಕಿಂತ ಜಾಸ್ತಿ."

"ಎಲ್ಲರ ವಿಷಯದಲ್ಲೂ ಹಾಗೇನಾ?"

ಅವನ ಕಿವಿ ಕೆಂಪಾಯಿತು. "ಇಲ್ಲ. ಇಷ್ಟು ಆಸೆ ನಿಮ್ಮೊಬ್ಬರ ವಿಷಯದಲ್ಲಿ ಮಾತ್ರ."

ಅವಳು ಅವನ ಕಡೆ ತಿರುಗಿದಳು. "ಸೋಮವಾರ ನೀವು ಎದ್ದು ಹೋಗದೆ ಎದುರಿಗೆ ಕೂತ್ರಲ್ಲ, ಆಗಲೇ ನಂಗೆ ನೀವು ಇಷ್ಟ ಆದ್ರಿ."

"ನಂಗೆ ಅದಕ್ಕೂ ಮುಂಚೇನೇ."

"ಯಾವತ್ತಿಂದ?"

ಅವನು ಹೇಳತೊಡಗಿದ. ನಡುನಡುವೆ ಅವಳು ಪ್ರಶ್ನೆ ಕೇಳುತ್ತಲೇ ಇದ್ದಳು. ಅವರ ಬಸ್ ಸ್ಟಾಪ್ ಯಾವಾಗಲೋ ಹಿಂದೆ ಉಳಿದಿತ್ತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ.