ಮೇಜಿನ ಮೂಲೆ

"ಏಳಮ್ಮಾ, ಏಳು! ಮೇಜಿನ ಮೂಲೆಯಲ್ಲಿ ಕೂತ್ರೆ ಏಳು ವರ್ಷ ಮದುವೆ ಆಗಲ್ಲ!"

ಖಾನಾವಳಿಯ ಒಡತಿ ಅಗ್ರಫೇನಾ ಅಜ್ಜಿಯ ಕೂಗಿಗೆ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಮೂಲೆಯಲ್ಲಿ ಕೂತಿದ್ದ ಉಲ್ಯಾನಾಳ ಕಿವಿ ಕೆಂಪಾಯಿತು. ಇನ್ನೇನು ಏಳಬೇಕು... ಅಡುಗೆಮನೆಯ ಕಿಂಡಿಯಲ್ಲಿ ಒಂದು ಮುಖ ಕಂಡಿತು. ಮೂಗಿನ ಮೇಲೆ ಹಿಟ್ಟು! ಅಜ್ಜಿಯ ಮೊಮ್ಮಗ ಜಖಾರ್, ಪೆಲ್ಮೆನಿ ಕಡುಬು ಮಡಚುತ್ತ ನಗುತ್ತಿದ್ದ.

ಅವಳು ಏಳಲಿಲ್ಲ.

"ಪರವಾಗಿಲ್ಲ ಅಜ್ಜಿ... ಇಲ್ಲೇ ಇರ್ತೀನಿ."

ಅದು ಎರಡು ಚಳಿಗಾಲದ ಹಿಂದಿನ ಮಾತು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳದು ಅದೇ ಮೂಲೆ. ಶುಕ್ರವಾರ ಅವಳು ಕೆಲಸ ಮಾಡುವ ಗಿರಣಿಯ ಕಚೇರಿ ಬಾಗಿಲು ಹಾಕಿದ ಮೇಲೆ, ಬಾಡಿಗೆ ಕೋಣೆಯಲ್ಲಿ ಮಾತಾಡಲು ಯಾರೂ ಇರುತ್ತಿರಲಿಲ್ಲ. "ಒಂದು ತಟ್ಟೆ ಪೆಲ್ಮೆನಿ" ಎನ್ನುತ್ತಿದ್ದಳು. ಎರಡು ದಿನದಲ್ಲಿ ಅದೇ ಅವಳ ಮೊದಲ ಮಾತು!

ಒಂದು ದಿನ ಜಖಾರ್ ಕಿಂಡಿಗೆ ಪರದೆ ಕಟ್ಟಿಬಿಟ್ಟ. ಆಮೇಲೆ ಪರದೆಯ ಕೆಳಗೆ ಹಿಟ್ಟು ಮೆತ್ತಿದ ಅವನ ಕೈಗಳಷ್ಟೇ ಕಾಣುತ್ತಿದ್ದವು.

'ನಾನು ನೋಡೋದೇ ಅವನಿಗೆ ಹಿಂಸೆಯೇನೋ...'

ಆದರೂ ಬರುತ್ತಿದ್ದಳು. ಆ ಕೈಗಳನ್ನಾದರೂ ನೋಡಲು.

ಕಳೆದ ಭಾನುವಾರ ಅಜ್ಜಿಗೆ ಮೆಲ್ಲಗೆ ಹೇಳಿದಳು. "ಪೆರ್ಮ್ ಊರಿನ ಕಚೇರಿಗೆ ಕರೀತಿದಾರೆ ಅಜ್ಜಿ. ಮುಂದಿನ ವಾರ ಇಲ್ಲಿ ಕೊನೇ ಊಟ. ಮಾರನೇ ದಿನ ಒಪ್ಪಿಗೆ ಬರೆದುಕೊಡ್ತೀನಿ."

ಪರದೆ ಒಮ್ಮೆ ಅಲುಗಿತು, ಅಷ್ಟೇ. ಹೋಗಬೇಡ ಅಂತ ಯಾರೂ ಅನ್ನಲಿಲ್ಲ.

ಇಂದು ಒಳಗೆ ಕಾಲಿಟ್ಟವಳು ನಿಂತೇಬಿಟ್ಟಳು.

ಅವಳ ಮೂಲೆ... ಇರಲಿಲ್ಲ! ಮೇಜಿನ ಆ ಚೂಪು ತುದಿಯನ್ನು ಯಾರೋ ಕೊಯ್ದು ದುಂಡಗೆ ಉಜ್ಜಿದ್ದರು. ನೆಲದ ಮೇಲೆ ಇನ್ನೂ ಮರದ ಪುಡಿ ಬಿದ್ದಿತ್ತು.

'ನಾನು ಹೋಗೋ ಮೊದಲೇ ನನ್ನ ಜಾಗ ತೆಗೆದುಬಿಟ್ಟರಾ...'

"ನನ್ನ ಮುಖ ಯಾಕೆ ನೋಡ್ತೀಯಾ? ಅವನನ್ನ ಕೇಳು!" ಅಜ್ಜಿ ಗುಡುಗಿದಳು. "ನಮ್ಮ ಮಾವನವರ ಕಾಲದ ಮೇಜು! ಬೆಳಿಗ್ಗೆ ಬ್ರೆಡ್ಡು ಬೇಯಿಸೋದು ಬಿಟ್ಟು ಗರಗಸ ಹಿಡಿದಿದಾನೆ, ಕತ್ತೆ!"

ಜಖಾರ್ ಹೊರಗೆ ಬಂದ. ಮೂಗಿನ ಮೇಲೆ ಇಂದು ಹಿಟ್ಟಲ್ಲ, ಮರದ ಪುಡಿ.

"ಅಜ್ಜಿ ಅಷ್ಟು ಬೈದ್ರೂ ನೀವು ಮೂಲೆ ಬಿಡಲಿಲ್ಲ. ಮದುವೆ-ಗಿದುವೆ ಯಾವುದೂ ಬೇಡ ಅಂತಾನೇ ಹಾಗೆ ಕೂರ್ತಿದೀರಿ ಅಂದ್ಕೊಂಡೆ. ನಾನು ನೋಡ್ತಾ ನಿಂತು ತೊಂದರೆ ಕೊಡಬಾರದು ಅಂತ ಪರದೆ ಕಟ್ಟಿದೆ."

"ಮತ್ತೆ... ಇದು?"

"ಹೋಗೋ ಮುಂಚೆ ಒಂದೇ ಒಂದು ಸಲ ಮೂಲೆ ಇಲ್ಲದ ಕಡೆ ಕೂರಿಸಿ... ಕೇಳೋಣ ಅಂತ."

ಉಲ್ಯಾನಾಳ ಕಣ್ಣು ತುಂಬಿತು.

"ಅಯ್ಯೋ ದೇವರೇ... ಬೇರೆ ಯಾವ ಕುರ್ಚಿಯಿಂದಲೂ ಆ ಕಿಂಡಿ ಕಾಣಲ್ಲ ಜಖಾರ್!"

ಅವನು ಕಿಂಡಿಯತ್ತ ತಿರುಗಿ ನೋಡಿದ.

"ಒಲೆ ಮೇಲೆ ಸಾರು ಉಕ್ತಿದೆ, ನಿಮಗೇನು!" ಎಂದು ಗೊಣಗುತ್ತ ಅಜ್ಜಿ ಒಳಗೆ ಹೋದಳು. ಹೋಗುವಾಗ ಕಿಂಡಿಯ ಪರದೆಯನ್ನು ಕಿತ್ತು ಹೆಗಲಿಗೆ ಹಾಕಿಕೊಂಡಳು.

ಜಖಾರ್ ಉಲ್ಯಾನಾಳ ಕುರ್ಚಿ ಎಳೆದು ಹಿಡಿದ.

"ಪೆರ್ಮ್...?"

"ಒಪ್ಪಿಗೆ ಇನ್ನೂ ಬರೆದಿಲ್ಲ."

"ಬರೀಬೇಡಿ."

ಅವಳು ಕೂತಳು. ದುಂಡಗಾದ ಅಂಚನ್ನು ಬೆರಳಿಂದ ಮೆಲ್ಲಗೆ ಸವರಿದಳು.

"ಅಜ್ಜಿ ಹೇಳಿದ ಏಳು ವರ್ಷದಲ್ಲಿ ಎರಡೇ ಮುಗಿದಿರೋದು..."

"ಉಳಿದ ಐದನ್ನ ಬೆಳಿಗ್ಗೆನೇ ಕೊಯ್ದು ಹಾಕಿದೆ."